ಹೊಸ ಲ್ಯಾಪ್‌ಟಾಪ್‌ನಲ್ಲಿ ಔಟ್‌ಲುಕ್ ಯಾಕೆ ತೆವಳುತ್ತದೆ?

ಓದುಗರ ಪ್ರಶ್ನೆ

"ಸರ್, ದಾವಣಗೆರೆಯಲ್ಲಿ ಇಪ್ಪತ್ತು ವರ್ಷದಿಂದ ಟ್ಯಾಕ್ಸ್ ಪ್ರಾಕ್ಟೀಸ್ ಮಾಡ್ತಿದ್ದೀನಿ. ವಿಂಡೋಸ್ 10ಕ್ಕೆ ಇನ್ನು ಅಪ್‌ಡೇಟ್ ಬರಲ್ಲ ಅಂದಿದ್ದಕ್ಕೆ ಎಂಟು ವರ್ಷದ ಹಳೆ ಕಂಪ್ಯೂಟರ್ ಬಿಟ್ಟು ಹೊಸ ಲ್ಯಾಪ್‌ಟಾಪ್ ತಗೊಂಡೆ. ವಿಂಡೋಸ್ 11, 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, ಮೈಕ್ರೋಸಾಫ್ಟ್ 365. ಅಂಗಡಿ ಹುಡುಗ ಹಳೆ ಮೇಲ್‌ಗಳ ಪಿಎಸ್‌ಟಿ ಫೈಲನ್ನು ಡಾಕ್ಯುಮೆಂಟ್ಸ್‌ಗೆ ಕಾಪಿ ಮಾಡಿ, ಔಟ್‌ಲುಕ್ ಸೆಟ್ ಮಾಡಿಕೊಟ್ಟ. ಫೈಲ್ 19 ಜಿಬಿ ಇದೆ. ಆಫೀಸ್ ಮೇಲ್ ಪಾಪ್‌ನಲ್ಲಿದೆ, ಜೊತೆಗೆ ಒಂದು ಜಿಮೇಲ್ ಐಮ್ಯಾಪ್‌ನಲ್ಲಿದೆ.

ಅವತ್ತಿನಿಂದ ಔಟ್‌ಲುಕ್ ತೆರೆಯೋಕೇ ಮೂರು ನಾಲ್ಕು ನಿಮಿಷ. ಒಂದು ಮೇಲ್ ಕ್ಲಿಕ್ ಮಾಡಿದರೆ ಪರದೆ ಬಿಳುಚಿಕೊಂಡು 'ನಾಟ್ ರೆಸ್ಪಾಂಡಿಂಗ್' ಅಂತ ಬರುತ್ತೆ. ಹಳೆ ಕಕ್ಷಿದಾರರ ಹೆಸರು ಹುಡುಕಿದರೆ ಏನೂ ಸಿಗಲ್ಲ. ಮೊದಲ ದಿನ ಕಳೆದೆರಡು ವಾರದ ಮೇಲ್‌ಗಳೆಲ್ಲ ಎರಡೆರಡು ಬಂದವು. ಅಂಗಡಿಯವರು ರ‍್ಯಾಮ್ 32 ಮಾಡಿಸಿ ಅಂತಾರೆ. ಬೆಂಗಳೂರಲ್ಲಿರೋ ಅಳಿಯ ಫಾರ್ಮ್ಯಾಟ್ ಹೊಡೀರಿ ಅಂತಾನೆ. ಪಕ್ಕದ ಆಫೀಸಿನವರು ನುಡಿ ಹಾಕಿದ್ದಕ್ಕೇ ಹೀಗೆ ಅಂದರು. ಇನ್ನೊಬ್ಬರು ಆ ಡೇಟಾ ಫೈಲ್ ಡಿಲೀಟ್ ಮಾಡಿ, ಮೇಲ್ ಎಲ್ಲ ತಾನಾಗೇ ಮತ್ತೆ ಇಳಿಯುತ್ತೆ ಅಂದರು. ಲ್ಯಾಪ್‌ಟಾಪ್ ಜೊತೆ ಬಂದ ಆಂಟಿವೈರಸ್ ಒಂದಿದೆ, ಅಂಗಡಿಯವರು ಹಾಕಿಕೊಟ್ಟದ್ದು ಇನ್ನೊಂದಿದೆ. 20ನೇ ತಾರೀಖು ಹತ್ತಿರ ಬಂತು, ಜಿಎಸ್‌ಟಿ ರಿಟರ್ನ್ ಹಾಕಬೇಕು. ಹಳೆ ಕಂಪ್ಯೂಟರ್ ಈ ವಾರ ಎಕ್ಸ್‌ಚೇಂಜ್‌ಗೆ ಕೊಡ್ತಿದ್ದೀನಿ. ಮೊದಲು ಏನು ಮಾಡಲಿ?"

ಉತ್ತರ

ಮೊದಲು, ಏನು ಮಾಡಬಾರದು ಅನ್ನೋದು. ಆ ಪಿಎಸ್‌ಟಿ ಫೈಲನ್ನು ದಯವಿಟ್ಟು ಡಿಲೀಟ್ ಮಾಡಬೇಡಿ. ಸಲಹೆ ಕೊಟ್ಟವರು ಕೆಟ್ಟವರಲ್ಲ, ಒಂದು ಅಕ್ಷರ ತಪ್ಪಿದ್ದಾರೆ ಅಷ್ಟೇ. ಔಟ್‌ಲುಕ್ ಎರಡು ಬಗೆಯ ಡೇಟಾ ಫೈಲ್ ಇಟ್ಟುಕೊಳ್ಳುತ್ತದೆ. ಒಂದು ಓಎಸ್‌ಟಿ. ಅದು ಸರ್ವರ್‌ನಲ್ಲಿ, ಅಂದರೆ ಮೇಲ್ ಕಂಪನಿಯ ಕಂಪ್ಯೂಟರ್‌ನಲ್ಲಿ, ಇರುವ ಮೇಲ್‌ನ ನಕಲು. ಐಮ್ಯಾಪ್ ಅಂದರೆ ಮೇಲ್ ಸರ್ವರ್‌ನಲ್ಲೇ ಉಳಿಯುವ ಬಗೆ, ಹಾಗಾಗಿ ನಿಮ್ಮ ಜಿಮೇಲ್‌ಗೆ ಇರೋದು ಅಂಥದ್ದು. ಅದನ್ನು ತೆಗೆದರೆ ಸರ್ವರ್‌ನಿಂದ ಮತ್ತೆ ಇಳಿಯುತ್ತದೆ. ಇನ್ನೊಂದು ಪಿಎಸ್‌ಟಿ. ನಿಮ್ಮ ಆಫೀಸ್ ಮೇಲ್‌ನದು ಇದು. ಪಾಪ್ ಖಾತೆಯಲ್ಲಿ ಮೇಲ್ ಇಳಿದ ಮೇಲೆ ಸರ್ವರ್‌ನಲ್ಲಿ ಕೆಲವು ದಿನ ಮಾತ್ರ ಉಳಿಯುತ್ತದೆ. ಔಟ್‌ಲುಕ್‌ನಲ್ಲಿ ಸಾಮಾನ್ಯವಾಗಿ ಇರುವ ಸೆಟ್ಟಿಂಗ್ 14 ದಿನ. ಅದಕ್ಕೂ ಹಿಂದಿನದ್ದು ಇರೋದು ಆ 19 ಜಿಬಿ ಫೈಲ್‌ನಲ್ಲಿ ಮಾತ್ರ. ಅದು ಹೋದರೆ ಹೋಯಿತು.

ಈ ಗೊಂದಲದಿಂದ ಆದ ಅನಾಹುತ ಒಂದನ್ನು ನಾನೇ ನೋಡಿದ್ದೇನೆ. ಒಂದು ಸಣ್ಣ ಕಚೇರಿಯಲ್ಲಿ ಹೀಗೇ "ಮತ್ತೆ ಬರುತ್ತೆ" ಅಂತ ಹುಡುಗನೊಬ್ಬ ಶಿಫ್ಟ್ ಡಿಲೀಟ್ ಒತ್ತಿದ್ದ. ನಾನು ಹೋಗುವಷ್ಟರಲ್ಲಿ ಮೂರು ದಿನ ಕಳೆದಿತ್ತು. ಯಜಮಾನರು ಕೇಳಿದ್ದು ಒಂದೇ ಪ್ರಶ್ನೆ: "ಇನ್‌ಬಾಕ್ಸ್‌ನಲ್ಲಿ ಹನ್ನೊಂದು ಮೇಲ್ ಮಾತ್ರ ತೋರಿಸ್ತಿದೆಯಲ್ಲ, ಉಳಿದದ್ದು ಯಾವಾಗ ಇಳಿಯುತ್ತೆ?" ಹಳೆ ಹಾರ್ಡ್‌ಡಿಸ್ಕ್ ಬೀರುವಿನಲ್ಲಿ ಇತ್ತಾದ್ದರಿಂದ ಅರ್ಧ ಸಿಕ್ಕಿತು. ಉಳಿದರ್ಧ ಇವತ್ತಿಗೂ ಇಲ್ಲ.

ಈಗ ನಿಮ್ಮ ಚಿಂತೆಗೆ ಬರೋಣ. ಇಷ್ಟು ದುಡ್ಡು ಕೊಟ್ಟು ತಂದ ಯಂತ್ರವೇ ಸರಿ ಇಲ್ಲವೇನೋ ಅನ್ನೋ ಅನುಮಾನ ನಿಮ್ಮದು, ಅಲ್ವಾ? ಪತ್ರ ಓದಿದರೆ ನನಗೆ ಹಾಗನ್ನಿಸುವುದಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದ ಮೇಲೆ ಇಂಥ ದೂರು ನನ್ನ ಹತ್ತಿರ ಬಹಳ ಬರುತ್ತಿದೆ. ಹೆಚ್ಚಿನವರದ್ದು ಒಂದೇ ಕತೆ. ಹೊಸ ಮನೆಗೆ ಬಂದಿದ್ದೀರಿ, ಆದರೆ ಹಳೆ ಮನೆಯ ಅಟ್ಟದ ಸಾಮಾನೆಲ್ಲ ಒಂದೇ ಗೋಣಿಚೀಲಕ್ಕೆ ತುಂಬಿ ತಂದು ಬಾಗಿಲ ಅಡ್ಡಕ್ಕೆ ಇಟ್ಟಿದ್ದೀರಿ. ಮನೆ ಎಷ್ಟು ದೊಡ್ಡದಾದರೂ ಒಳಗೆ ಹೋಗಿ ಬರೋಕೆ ಕಷ್ಟವೇ. ಯಂತ್ರದ ತಾಕತ್ತಿಗಿಂತ ಆ ಫೈಲ್ ಎಲ್ಲಿದೆ, ಅದರ ಮೇಲೆ ಯಾರ‍್ಯಾರು ಏಕಕಾಲಕ್ಕೆ ಕೈ ಹಾಕುತ್ತಿದ್ದಾರೆ ಅನ್ನೋದು ಇಲ್ಲಿ ಮುಖ್ಯ.

ರ‍್ಯಾಮ್ ಮಾತು ನಿಜವೋ ಸುಳ್ಳೋ ನೀವೇ ಎರಡು ನಿಮಿಷದಲ್ಲಿ ನೋಡಬಹುದು. ಔಟ್‌ಲುಕ್ ಬಿಳುಚಿಕೊಂಡು ನಿಂತಾಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಮೇಲಿನ ಸಾಲಿನಲ್ಲಿ ಸಿಪಿಯು, ಮೆಮೊರಿ, ಡಿಸ್ಕ್ ಅಂತ ಶೇಕಡಾ ಲೆಕ್ಕ ಇರುತ್ತದೆ. ಮೆಮೊರಿ ಶೇ 90 ದಾಟಿ ಅಲ್ಲೇ ಕೂತಿದ್ದರೆ ಮಾತ್ರ ಅಂಗಡಿಯವರ ಮಾತಿಗೆ ಅರ್ಥ ಇದೆ. 16 ಜಿಬಿ ಇರುವ ಯಂತ್ರದಲ್ಲಿ ಮೇಲ್, ಬ್ರೌಸರ್, ಎಕ್ಸೆಲ್, ಟ್ಯಾಲಿ ಇಷ್ಟಕ್ಕೆ ಹಾಗಾಗುವುದು ಅಪರೂಪ. ನೀವು ನೋಡಬೇಕಾದ್ದು 'ಡಿಸ್ಕ್' ಕಾಲಂ. ಅದರ ತಲೆಯ ಮೇಲೆ ಕ್ಲಿಕ್ ಮಾಡಿ, ಜಾಸ್ತಿ ಬಳಸುವವರು ಮೇಲೆ ಬರುತ್ತಾರೆ. ಔಟ್‌ಲುಕ್ ಜೊತೆಯಲ್ಲೇ ಮೈಕ್ರೋಸಾಫ್ಟ್ ಒನ್‌ಡ್ರೈವ್ (ನಿಮ್ಮ ಫೈಲುಗಳನ್ನು ಇಂಟರ್‌ನೆಟ್‌ನಲ್ಲಿ ನಕಲು ಮಾಡಿಡುವ ಸೇವೆ), ವಿಂಡೋಸ್ ಸರ್ಚ್ ಇಂಡೆಕ್ಸರ್, ಯಾವುದಾದರೂ ಆಂಟಿವೈರಸ್ ಹೆಸರು ಕಂಡರೆ ಆ ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಫಾರ್ಮ್ಯಾಟ್ ಬಗ್ಗೆ ಅಳಿಯಂದಿರಿಗೆ ಹೇಳಿ: ಫಾರ್ಮ್ಯಾಟ್ ಹೊಡೆದ ಮೇಲೂ ಅದೇ ಫೈಲನ್ನು ಅದೇ ಜಾಗಕ್ಕೆ ಕಾಪಿ ಮಾಡಿದರೆ ಅದೇ ತೊಂದರೆ ಮತ್ತೆ ಬರುತ್ತದೆ. ಒಂದು ದಿನ ಹಾಳು, ಅಷ್ಟೇ.

ನುಡಿಯ ಮೇಲಿನ ಆರೋಪಕ್ಕೆ ನಗು ಬಂತು. ಕನ್ನಡದ ಹತ್ತಿಪ್ಪತ್ತು ಫಾಂಟ್ ಹಾಕಿದ್ದರಿಂದ ಔಟ್‌ಲುಕ್ ಹೀಗೆ ನಿಲ್ಲುವುದಿಲ್ಲ. ಆದರೆ ನಿಮ್ಮ ಹುಡುಕಾಟದ ತೊಂದರೆಗೆ ನುಡಿಗೂ ಒಂದು ಸಣ್ಣ ಸಂಬಂಧ ಇರಬಹುದು. ಹಳೆ ಕಾಲದಲ್ಲಿ ಯುನಿಕೋಡ್ (ಈಗ ಎಲ್ಲ ಕಡೆ ಅಕ್ಷರಗಳಿಗೆ ಬಳಸುವ ಸಂಕೇತ ಪದ್ಧತಿ) ಅಲ್ಲದ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಪತ್ರಗಳು ಕಣ್ಣಿಗೆ ಕನ್ನಡವಾಗಿ ಕಂಡರೂ, ಒಳಗೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತದಲ್ಲೇ ಕೂತಿರುತ್ತವೆ. ಈಗ ನೀವು ಯುನಿಕೋಡ್ ಕನ್ನಡದಲ್ಲಿ 'ಬಸವರಾಜ' ಅಂತ ಹುಡುಕಿದರೆ ಆ ಪತ್ರ ಯಾವ ಕಂಪ್ಯೂಟರ್‌ನಲ್ಲೂ ಸಿಗುವುದಿಲ್ಲ. ಅಂಥ ಮೇಲನ್ನು ಕಳಿಸಿದವರ ವಿಳಾಸದಿಂದಲೋ ದಿನಾಂಕದಿಂದಲೋ ಹುಡುಕಬೇಕು.

ಇನ್ನು ನಿಜವಾದ ಕಾರಣಗಳು. ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು "ಡಾಕ್ಯುಮೆಂಟ್ಸ್‌ಗೆ ಕಾಪಿ ಮಾಡಿ" ಅನ್ನುವ ಮಾತು. ವಿಂಡೋಸ್ 11ರಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಹೊಸ ಯಂತ್ರ ಶುರು ಮಾಡಿದಾಗ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮೂರೂ ಫೋಲ್ಡರ್ ಎಷ್ಟೋ ಸಲ ನಮಗೆ ಗೊತ್ತಾಗದ ಹಾಗೆ ಒನ್‌ಡ್ರೈವ್ ಬ್ಯಾಕಪ್‌ಗೆ ಸೇರಿಬಿಡುತ್ತವೆ. ವರ್ಡ್ ಫೈಲಿಗೆ, ಪಿಡಿಎಫ್‌ಗೆ ಇದು ಒಳ್ಳೆಯದೇ. ಪಿಎಸ್‌ಟಿಗೆ ಅಲ್ಲ.

ಯಾಕೆ ಅಂದರೆ ಪಿಎಸ್‌ಟಿ ಅನ್ನೋದು ಸಾವಿರಾರು ಮೇಲ್, ಅಟ್ಯಾಚ್‌ಮೆಂಟ್, ಕ್ಯಾಲೆಂಡರ್ ಎಲ್ಲ ಸೇರಿದ ಒಂದೇ ಒಂದು ಫೈಲ್. ನೀವು ಒಂದು ಮೇಲ್ ಓದಿದರೂ 'ಓದಲಾಗಿದೆ' ಅಂತ ಅದರೊಳಗೆ ಒಂದು ಗುರುತು ಬೀಳುತ್ತದೆ. ಅಂದರೆ ಔಟ್‌ಲುಕ್ ತೆರೆದಿರುವಷ್ಟು ಹೊತ್ತೂ ಅದು ಬದಲಾಗುತ್ತಲೇ ಇರುತ್ತದೆ. ಬದಲಾದದ್ದನ್ನು ಮೇಲಕ್ಕೆ ಕಳಿಸುವುದು ಒನ್‌ಡ್ರೈವ್‌ನ ಕೆಲಸ. ಫೈಲ್ ನನ್ನ ಕೈಯಲ್ಲಿದೆ ಅಂತ ಔಟ್‌ಲುಕ್ ಬಿಡುವುದಿಲ್ಲ, ನನಗೂ ಬೇಕು ಅಂತ ಇದು ಕಾಯುತ್ತದೆ. ಪಿಎಸ್‌ಟಿ ಫೈಲುಗಳನ್ನು ಬೇರೆ ಫೈಲುಗಳಷ್ಟು ಪದೇ ಪದೇ ಕಳಿಸದ ಹಾಗೆ ಒನ್‌ಡ್ರೈವ್‌ನಲ್ಲೇ ಒಂದು ಏರ್ಪಾಡು ಇದೆ, ನಿಜ. ಆದರೂ 19 ಜಿಬಿಯ ಗಂಟು ಗಂಟೇ. ಅದನ್ನು ಒನ್‌ಡ್ರೈವ್‌ನಿಂದ ಹೊರಗೆ ತನ್ನಿ ಅಂತ ಮೈಕ್ರೋಸಾಫ್ಟ್‌ನ ಸಹಾಯ ಪುಟವೇ ಹೇಳುತ್ತದೆ.

ನಿಮ್ಮದು ಅಲ್ಲೇ ಇದೆಯಾ ಅಂತ ಖಾತ್ರಿ ಮಾಡಿಕೊಳ್ಳಿ. ಔಟ್‌ಲುಕ್‌ನಲ್ಲಿ ಫೈಲ್, ಅಕೌಂಟ್ ಸೆಟ್ಟಿಂಗ್ಸ್, ಮತ್ತೆ ಅಕೌಂಟ್ ಸೆಟ್ಟಿಂಗ್ಸ್, ಆಮೇಲೆ 'ಡೇಟಾ ಫೈಲ್ಸ್' ಅನ್ನೋ ಟ್ಯಾಬ್. ಅಲ್ಲಿ ಫೈಲ್ ಇರುವ ದಾರಿ ಪೂರ್ತಿ ಕಾಣುತ್ತದೆ. ನಿಮ್ಮ ಹೆಸರಾದ ಮೇಲೆ, ಡಾಕ್ಯುಮೆಂಟ್ಸ್‌ಗೆ ಮೊದಲು, 'ಒನ್‌ಡ್ರೈವ್' ಅನ್ನೋ ಪದ ಇದ್ದರೆ ಅನುಮಾನ ಬೇಡ. 'ಓಪನ್ ಫೈಲ್ ಲೊಕೇಶನ್' ಒತ್ತಿ ಫೋಲ್ಡರ್ ನೋಡಿ. ಫೈಲ್ ಪಕ್ಕದಲ್ಲಿ ಸುತ್ತುವ ನೀಲಿ ಬಾಣ ಇದ್ದರೆ ಇನ್ನೂ ಹತ್ತಿಸುತ್ತಿದೆ ಅಂತ. ನೀಲಿ ಮೋಡ ಇದ್ದರೆ ಫೈಲ್ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಇಲ್ಲವೇ ಇಲ್ಲ, ಹೆಸರು ಮಾತ್ರ ಇಲ್ಲಿದೆ. ಆಗ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ 'ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್' ಆರಿಸಿ, ಪೂರ್ತಿ ಇಳಿಯುವ ತನಕ ಕಾಯಬೇಕು.

ಹೊರಗೆ ತರುವ ಕೆಲಸವನ್ನು ಶನಿವಾರ ಸಂಜೆ ಮಾಡಿ, ಕಕ್ಷಿದಾರರು ಫೋನ್ ಮಾಡುವ ಹೊತ್ತಲ್ಲಿ ಬೇಡ. ಔಟ್‌ಲುಕ್ ಪೂರ್ತಿ ಮುಚ್ಚಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಅದರ ಹೆಸರು ಇನ್ನೂ ಇದ್ದರೆ ಹೋಗುವ ತನಕ ತಾಳ್ಮೆ ಇರಲಿ. ಮೊದಲು ಫೈಲಿನ ಒಂದು ಪ್ರತಿಯನ್ನು ಹೊರಗಿನ ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿ. ಇದನ್ನು ಬಿಟ್ಟು ಮುಂದಿನ ಹೆಜ್ಜೆ ಇಡಬೇಡಿ. ಗಡಿಯಾರದ ಪಕ್ಕದ ಒನ್‌ಡ್ರೈವ್ ಮೋಡದ ಮೇಲೆ ಕ್ಲಿಕ್ ಮಾಡಿ ಸಿಂಕ್ ಅನ್ನು ಸ್ವಲ್ಪ ಹೊತ್ತು ನಿಲ್ಲಿಸಿ ('ಪಾಜ್'). ಸಿ ಡ್ರೈವ್‌ನಲ್ಲಿ 'ಮೇಲ್‌ಡೇಟಾ' ಅಂತ ಇಂಗ್ಲಿಷ್ ಅಕ್ಷರದಲ್ಲೇ ಒಂದು ಹೊಸ ಫೋಲ್ಡರ್ ಮಾಡಿ, ಪಿಎಸ್‌ಟಿಯನ್ನು ಕಟ್ ಮಾಡಿ ಅಲ್ಲಿಗೆ ಪೇಸ್ಟ್ ಮಾಡಿ. ಈಗ ಔಟ್‌ಲುಕ್ ತೆರೆದರೆ ಫೈಲ್ ಸಿಗಲಿಲ್ಲ ಅಂತ ಗಾಬರಿ ಹುಟ್ಟಿಸುವ ಒಂದು ಸಂದೇಶ ಬರುತ್ತದೆ. ಅದು ಬರಲೇಬೇಕು. ಓಕೆ ಒತ್ತಿ, ಹೊಸ ಜಾಗದಲ್ಲಿರುವ ಫೈಲನ್ನು ತೋರಿಸಿ. ಒಮ್ಮೆ ಮುಚ್ಚಿ ಮತ್ತೆ ತೆರೆಯಿರಿ. ಆಮೇಲೆ ಒನ್‌ಡ್ರೈವ್ ಮತ್ತೆ ಶುರು ಮಾಡಿ.

ಇಲ್ಲಿ ಎರಡು ಅಪಾಯ ಇವೆ. ಒಂದು, ಒನ್‌ಡ್ರೈವ್‌ನಿಂದ ಹೊರಗೆ ತಂದ ಫೈಲ್ ಅದರ ಲೆಕ್ಕದಲ್ಲಿ ಡಿಲೀಟ್ ಆದ ಹಾಗೆ. ಅದೇ ಖಾತೆ ಹಳೆ ಕಂಪ್ಯೂಟರ್‌ನಲ್ಲೂ ಇದ್ದರೆ ಅಲ್ಲಿಂದಲೂ ಮಾಯವಾಗುತ್ತದೆ. ಒನ್‌ಡ್ರೈವ್‌ನ ರೀಸೈಕಲ್ ಬಿನ್‌ನಲ್ಲಿ 30 ದಿನ ಇರುತ್ತದೆ, ಆದರೆ ಅದನ್ನೇ ನಂಬಿ ಕೂರುವುದು ಬೇಡ. ಎರಡನೆಯದು ಇನ್ನೂ ದೊಡ್ಡದು. ಈಗ ಆ ಫೈಲಿಗೆ ಬ್ಯಾಕಪ್ಪೇ ಇಲ್ಲ! ಮೇಲ್‌ಡೇಟಾ ಫೋಲ್ಡರ್ ಯಾವ ಮೋಡಕ್ಕೂ ಹೋಗುವುದಿಲ್ಲ. ವಾರಕ್ಕೊಮ್ಮೆ, ಔಟ್‌ಲುಕ್ ಮುಚ್ಚಿ, ಹೊರಗಿನ ಡಿಸ್ಕ್‌ಗೆ ನೀವೇ ಕಾಪಿ ಮಾಡಬೇಕು. ಟ್ಯಾಲಿ ಬ್ಯಾಕಪ್ ತೆಗೆಯುವ ದಿನವೇ ಇದನ್ನೂ ಮಾಡಿದರೆ ಮರೆಯಲ್ಲ.

ಸಿಟ್ಟಿನಿಂದ ಒನ್‌ಡ್ರೈವ್ ಬ್ಯಾಕಪ್ಪನ್ನೇ ಬಂದ್ ಮಾಡುವವರಿದ್ದಾರೆ. ಮಾಡುವುದಾದರೆ ಪಿಎಸ್‌ಟಿ ಹೊರಗೆ ಬಂದ ಮೇಲೆ ಮಾಡಿ. ಮೊದಲೇ ಬಂದ್ ಮಾಡಿದರೆ ಫೈಲುಗಳು ಒನ್‌ಡ್ರೈವ್ ಫೋಲ್ಡರ್‌ನಲ್ಲೇ ಉಳಿದು, ನಿಮ್ಮ ಡಾಕ್ಯುಮೆಂಟ್ಸ್ ಖಾಲಿ ಕಾಣಬಹುದು. ಆ ಖಾಲಿ ಫೋಲ್ಡರ್ ನೋಡಿ ಅತ್ತವರನ್ನು ನಾನು ನೋಡಿದ್ದೇನೆ. ಏನೂ ಕಳೆದಿರಲಿಲ್ಲ, ಪಕ್ಕದ ಕೋಣೆಯಲ್ಲಿತ್ತು.

ಇನ್ನೊಂದು ದಾರಿಯನ್ನೂ ಜನ ಹಿಡಿಯುತ್ತಾರೆ. ಪಿಎಸ್‌ಟಿಯನ್ನು ಹಳೆ ಕಂಪ್ಯೂಟರ್‌ನಲ್ಲೇ ಬಿಟ್ಟು, ಆಫೀಸಿನ ನೆಟ್‌ವರ್ಕ್ ಮೂಲಕ ಹೊಸದರಿಂದ ತೆರೆಯುವುದು. ಹಾಗೆ ಬಳಸುವುದಕ್ಕೆ ಮೈಕ್ರೋಸಾಫ್ಟ್ ಬೆಂಬಲ ಇಲ್ಲ. ಕರೆಂಟೋ ನೆಟ್‌ವರ್ಕೋ ಒಂದು ಕ್ಷಣ ಹೋದರೆ ಫೈಲ್ ಕೆಡಬಹುದು. ಪೆನ್‌ಡ್ರೈವ್‌ನಲ್ಲಿಟ್ಟು ತೆರೆಯುವುದೂ ಅದೇ ಜಾತಿ.

ಹುಡುಕಾಟದ ಕತೆ ಬೇರೆ, ಮತ್ತು ಅದರಲ್ಲಿ ಯಾರ ತಪ್ಪೂ ಇಲ್ಲ. ವಿಂಡೋಸ್ ನಿಮ್ಮ ಪ್ರತಿ ಮೇಲನ್ನೂ ಓದಿ, ಪುಸ್ತಕದ ಕೊನೆಯಲ್ಲಿರುವ ಪದಸೂಚಿಯಂಥ ಒಂದು ಪಟ್ಟಿ ಮಾಡಿಕೊಳ್ಳುತ್ತದೆ. ಇದಕ್ಕೆ ಇಂಡೆಕ್ಸಿಂಗ್ ಅನ್ನುತ್ತಾರೆ. ಹಳೆ ಕಂಪ್ಯೂಟರ್ ಎಂಟು ವರ್ಷ ದಿನಾ ಸ್ವಲ್ಪ ಸ್ವಲ್ಪ ಮಾಡಿಟ್ಟ ಪಟ್ಟಿ ಹೊಸದಕ್ಕೆ ಬರುವುದಿಲ್ಲ. ಇದು ಮೊದಲಿಂದ ಶುರು ಮಾಡಬೇಕು. "ಹಳೆಯದರಲ್ಲಿ ಥಟ್ಟನೆ ಸಿಗ್ತಿತ್ತು" ಅನ್ನೋ ಮಾತಿನ ಗುಟ್ಟು ಇದೇ.

ಎಷ್ಟು ಬಾಕಿ ಇದೆ ಅಂತ ನೋಡಬಹುದು. ಔಟ್‌ಲುಕ್‌ನ ಸರ್ಚ್ ಪೆಟ್ಟಿಗೆಯಲ್ಲಿ ಕ್ಲಿಕ್ ಮಾಡಿ, ಸರ್ಚ್ ಟೂಲ್ಸ್‌ನಲ್ಲಿ 'ಇಂಡೆಕ್ಸಿಂಗ್ ಸ್ಟೇಟಸ್' ತೆರೆಯಿರಿ. ಇನ್ನೂ ಇಷ್ಟು ಸಾವಿರ ಬಾಕಿ ಅಂತ ಒಂದು ಸಂಖ್ಯೆ ಬರುತ್ತದೆ. ಬರೆದುಕೊಳ್ಳಿ. ಒಂದು ಗಂಟೆ ಬಿಟ್ಟು ಮತ್ತೆ ನೋಡಿ. ಇಳಿದಿದ್ದರೆ ಕೆಲಸ ನಡೆಯುತ್ತಿದೆ, ಸುಮ್ನೆ ಬಿಡಿ. ರಾತ್ರಿ ಚಾರ್ಜರ್ ಹಾಕಿ, ಔಟ್‌ಲುಕ್ ತೆರೆದಿಟ್ಟು, ಲ್ಯಾಪ್‌ಟಾಪ್ ನಿದ್ದೆಗೆ ಹೋಗದ ಹಾಗೆ ಪವರ್ ಸೆಟ್ಟಿಂಗ್‌ನಲ್ಲಿ ಬದಲಿಸಿ. ಮುಚ್ಚಳ ಮುಚ್ಚಿದರೆ ಲ್ಯಾಪ್‌ಟಾಪ್ ಮಲಗುತ್ತದೆ, ಅದರ ಜೊತೆ ಇಂಡೆಕ್ಸಿಂಗೂ ಮಲಗುತ್ತದೆ. ಔಟ್‌ಲುಕ್ ಮುಚ್ಚಿದರೂ ಮೇಲ್‌ಗಳ ಇಂಡೆಕ್ಸಿಂಗ್ ನಿಲ್ಲುತ್ತದೆ. ಹಗಲು ನೀವು ಕೆಲಸ ಮಾಡುವಾಗ ಅದು ತಾನಾಗಿ ನಿಧಾನಿಸುತ್ತದೆ. ಹಾಗಾಗಿ ನಿಮ್ಮಷ್ಟು ಮೇಲ್ ಇದ್ದರೆ ಒಂದೆರಡು ರಾತ್ರಿ ಹಿಡಿಯಬಹುದು.

ಒಂದು ಎಚ್ಚರಿಕೆ. ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಎಲ್ಲರೂ ಹೇಳುವ ಮದ್ದು 'ರೀಬಿಲ್ಡ್ ಇಂಡೆಕ್ಸ್'. ಅರ್ಧ ದಾರಿ ಬಂದಾಗ ಅದನ್ನು ಒತ್ತಿದರೆ ಆದ ಪಟ್ಟಿ ಅಳಿಸಿ ಮತ್ತೆ ಸೊನ್ನೆಯಿಂದ ಶುರು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಒತ್ತುತ್ತಾ ವಾರಗಟ್ಟಲೆ ಸರ್ಚ್ ಸರಿ ಇಲ್ಲ ಅಂತ ಗೋಳಾಡಿದ ಒಬ್ಬರು ನನಗೆ ಗೊತ್ತು. ಬಾಕಿ ಸಂಖ್ಯೆ ಒಂದು ಪೂರ್ತಿ ರಾತ್ರಿ ಕಳೆದರೂ ಅಲ್ಲೇ ನಿಂತಿದ್ದರೆ ಮಾತ್ರ ರೀಬಿಲ್ಡ್.

ಎರಡು ಆಂಟಿವೈರಸ್ ವಿಷಯ. ವಿಂಡೋಸ್‌ನ ಸ್ವಂತ ಡಿಫೆಂಡರ್, ಬೇರೆ ಆಂಟಿವೈರಸ್ ಬಂದರೆ ಸಾಮಾನ್ಯವಾಗಿ ತಾನೇ ಹಿಂದೆ ಸರಿಯುತ್ತದೆ. ಆದರೆ ಹೊರಗಿನವು ಎರಡಿದ್ದರೆ ಯಾವುದೂ ಸರಿಯುವುದಿಲ್ಲ. ಒಂದೇ ಅಟ್ಯಾಚ್‌ಮೆಂಟನ್ನು ಇಬ್ಬರು ವಾಚ್‌ಮನ್‌ಗಳು ತಡೆದು ತಪಾಸಣೆ ಮಾಡಿದ ಹಾಗೆ. ಒಂದನ್ನು ಕಂಟ್ರೋಲ್ ಪ್ಯಾನೆಲ್‌ನಿಂದ ಪೂರ್ತಿ ಅನ್‌ಇನ್‌ಸ್ಟಾಲ್ ಮಾಡಿ, ಯಂತ್ರ ರೀಸ್ಟಾರ್ಟ್ ಮಾಡಿ. ನಾನಾಗಿದ್ದರೆ ಜೊತೆಗೆ ಬಂದ ಟ್ರಯಲ್ ತೆಗೆಯುತ್ತಿದ್ದೆ. ಉಳಿದದ್ದು ಔಟ್‌ಲುಕ್‌ನೊಳಗೆ ಒಂದು ಆಡ್-ಇನ್, ಅಂದರೆ ಪುಟ್ಟ ಸಹಾಯಕ ಪ್ರೋಗ್ರಾಂ, ಕೂರಿಸಿರಬಹುದು. ಅದನ್ನು ಪತ್ತೆ ಮಾಡೋಕೆ ಕಂಟ್ರೋಲ್ ಕೀ ಒತ್ತಿ ಹಿಡಿದುಕೊಂಡೇ ಔಟ್‌ಲುಕ್ ಐಕಾನ್ ಮೇಲೆ ಕ್ಲಿಕ್ ಮಾಡಿ. ಸೇಫ್ ಮೋಡ್‌ನಲ್ಲಿ ತೆರೆಯಲೇ ಅಂತ ಕೇಳುತ್ತದೆ, ಹೌದು ಅನ್ನಿ. ಸೇಫ್ ಮೋಡ್‌ನಲ್ಲಿ ಆಡ್-ಇನ್‌ಗಳು ಓಡುವುದಿಲ್ಲ, ಆಗ ಚುರುಕಾಗಿ ಓಡಿದರೆ ತಪ್ಪು ಅವುಗಳದ್ದು. ಫೈಲ್, ಆಪ್ಷನ್ಸ್, ಆಡ್-ಇನ್ಸ್‌ಗೆ ಹೋಗಿ, ಕೆಳಗೆ 'ಕಾಮ್ ಆಡ್-ಇನ್ಸ್' ಪಕ್ಕದ 'ಗೋ' ಒತ್ತಿ, ಒಂದೊಂದೇ ಟಿಕ್ ತೆಗೆದು ನೋಡಿ. ಸೇಫ್ ಮೋಡ್‌ನಲ್ಲೂ ಅದೇ ಹಾಡಾದರೆ ಆಡ್-ಇನ್‌ಗಳನ್ನು ಬಿಟ್ಟುಬಿಡಿ.

ಆಂಟಿವೈರಸ್ಸೇ ಬೇಡ ಅಂತ ಮಾತ್ರ ಹೋಗಬೇಡಿ. ಆದಾಯ ತೆರಿಗೆ ಇಲಾಖೆಯ ನೋಟಿಸ್ ಅಂತ ಸುಳ್ಳು ಅಟ್ಯಾಚ್‌ಮೆಂಟ್ ಬರುವುದು ಎಲ್ಲರಿಗಿಂತ ಮೊದಲು ನಿಮ್ಮಂಥವರಿಗೇ.

ಇಷ್ಟಾದ ಮೇಲೂ 19 ಜಿಬಿ 19 ಜಿಬಿಯೇ. 2010ರಿಂದ ಈಚಿನ ಔಟ್‌ಲುಕ್‌ನಲ್ಲಿ ಒಂದು ಪಿಎಸ್‌ಟಿ 50 ಜಿಬಿವರೆಗೆ ಬೆಳೆಯಬಹುದು. 2003, 2007ರಲ್ಲಿ ಆ ಮಿತಿ 20 ಇತ್ತು. ಬೆಳೆಯಬಹುದು ಅಂದ ಮಾತ್ರಕ್ಕೆ ಓಡುತ್ತದೆ ಅಂತಲ್ಲ. ಮೈಕ್ರೋಸಾಫ್ಟ್‌ನ ಅಂದಾಜಿನ ಪ್ರಕಾರ 5 ಜಿಬಿವರೆಗೆ ಬಹುತೇಕ ಯಂತ್ರಗಳಲ್ಲಿ ತೊಂದರೆ ಇಲ್ಲ. 10 ದಾಟಿ 25ರ ಒಳಗಿದ್ದರೆ ಆಗಾಗ ನಿಂತು ನಿಂತು ಹೋಗುವುದು ಸಹಜ. ನೀವು ಸರಿಯಾಗಿ ಆ ನಡುವೆ ಇದ್ದೀರಿ. ಹಾಗಾಗಿ ಒನ್‌ಡ್ರೈವ್‌ನಿಂದ ಬಿಡಿಸಿದ ಮೇಲೂ ಅಲ್ಲಲ್ಲಿ ಒಂದೆರಡು ಸೆಕೆಂಡ್ ಎಡವಿದರೆ ಆಶ್ಚರ್ಯ ಪಡಬೇಡಿ.

ಇದಕ್ಕೆ ಪರಿಹಾರ ನಿಮ್ಮ ವೃತ್ತಿಯಲ್ಲೇ ಇದೆ. ಟ್ಯಾಲಿಯಲ್ಲಿ ವರ್ಷ ಮುಗಿದ ಮೇಲೆ ಕಂಪನಿ ಡೇಟಾ ಸ್ಪ್ಲಿಟ್ ಮಾಡುತ್ತೀರಲ್ಲ, ಹಾಗೇ ಮೇಲನ್ನೂ ಒಡೆಯಿರಿ. ಹೋಮ್‌ನಲ್ಲಿ ನ್ಯೂ ಐಟಮ್ಸ್, ಮೋರ್ ಐಟಮ್ಸ್, 'ಔಟ್‌ಲುಕ್ ಡೇಟಾ ಫೈಲ್' ಅಂತ ಹೋದರೆ ಹೊಸ ಪಿಎಸ್‌ಟಿ ಆಗುತ್ತದೆ. ಅದನ್ನೂ ಮೇಲ್‌ಡೇಟಾ ಫೋಲ್ಡರ್‌ನಲ್ಲೇ ಇಡಿ. ಒಂದಕ್ಕೆ 2018-19, ಇನ್ನೊಂದಕ್ಕೆ 2019-20 ಅಂತ ಹಣಕಾಸು ವರ್ಷದ ಹೆಸರಿಡಿ. ಈ ವರ್ಷದ್ದು ಮತ್ತು ಹಿಂದಿನ ಎರಡು ವರ್ಷದ್ದು ಮುಖ್ಯ ಫೈಲ್‌ನಲ್ಲಿರಲಿ. ಇನ್‌ಬಾಕ್ಸನ್ನು ದಿನಾಂಕದ ಪ್ರಕಾರ ಜೋಡಿಸಿ, ಸಾವಿರದಷ್ಟು ಮೇಲ್ ಆಯ್ದುಕೊಂಡು ಹೊಸ ಫೈಲಿಗೆ ಮೂವ್ ಮಾಡಿ. ಒಂದೇ ಸಲ ನಲವತ್ತು ಸಾವಿರ ಎಳೆಯಬೇಡಿ, ಮಧ್ಯದಲ್ಲಿ ನಿಂತರೆ ಯಾವುದು ಹೋಯಿತು ಯಾವುದು ಉಳಿಯಿತು ಅಂತ ತಲೆ ಕೆಡುತ್ತದೆ. ಸೆಂಟ್ ಐಟಮ್ಸ್ ಮರೆಯಬೇಡಿ. ಸಾಮಾನ್ಯವಾಗಿ ಅರ್ಧ ಭಾರ ಅಲ್ಲೇ ಇರುತ್ತದೆ, ಯಾಕಂದರೆ ನೀವು ಕಳಿಸಿದ ಪಿಡಿಎಫ್‌ಗಳೆಲ್ಲ ಅಲ್ಲೇ ಕೂತಿರುತ್ತವೆ.

ಔಟ್‌ಲುಕ್‌ನಲ್ಲೇ ತಾನಾಗಿ ಹಳೆಯದನ್ನು ಬೇರೆ ಮಾಡುವ ಆರ್ಕೈವ್ ಸೌಲಭ್ಯ ಇದೆ. ನಾನು ಅದನ್ನು ಅಷ್ಟಾಗಿ ಶಿಫಾರಸು ಮಾಡುವುದಿಲ್ಲ. ಅದು ಮೇಲ್ ಬಂದ ದಿನವನ್ನಷ್ಟೇ ನೋಡುವುದಿಲ್ಲ, ಕೊನೆಗೆ ಬದಲಾದ ದಿನವನ್ನೂ ನೋಡುತ್ತದೆ. 2016ರ ಮೇಲ್‌ಗೆ ನೀವು ಹೋದ ತಿಂಗಳು ಒಂದು ಬಣ್ಣದ ಗುರುತು ಹಾಕಿದ್ದರೆ ಅದರ ಲೆಕ್ಕದಲ್ಲಿ ಅದು ಹೊಸ ಮೇಲ್.

ಮೇಲ್‌ಗಳನ್ನು ಬೇರೆ ಫೈಲಿಗೆ ಸಾಗಿಸಿದ ಮಾತ್ರಕ್ಕೆ ಹಳೆ ಫೈಲ್ ಸಣ್ಣದಾಗುವುದಿಲ್ಲ. ಒಳಗೆ ಜಾಗ ಖಾಲಿಯಾದರೂ ಹೊರಗೆ ಅದೇ ಗಾತ್ರ. ಅದೇ 'ಡೇಟಾ ಫೈಲ್ಸ್' ಟ್ಯಾಬ್‌ನಲ್ಲಿ ಫೈಲ್ ಆರಿಸಿ, ಸೆಟ್ಟಿಂಗ್ಸ್‌ಗೆ ಹೋಗಿ 'ಕಾಂಪ್ಯಾಕ್ಟ್ ನೌ' ಒತ್ತಬೇಕು. ಗಂಟೆಗಟ್ಟಲೆ ಹಿಡಿಯಬಹುದು. ನಡುವೆ ಪವರ್ ಬಟನ್ ಒತ್ತುವ ಆಸೆ ಬರುತ್ತದೆ, ಒತ್ತಬೇಡಿ. ಕೆಲಸ ಮುಗಿದ ಹಳೆ ವರ್ಷದ ಫೈಲುಗಳನ್ನು ಔಟ್‌ಲುಕ್‌ನಿಂದ 'ಕ್ಲೋಸ್' ಮಾಡಿಡಿ. ಇದಕ್ಕೂ ಒಂದು ಬೆಲೆ ಇದೆ: ಮುಚ್ಚಿಟ್ಟ ಫೈಲ್‌ನಲ್ಲಿ ಹುಡುಕಾಟ ನಡೆಯುವುದಿಲ್ಲ. ಹಳೆ ಕೇಸಿಗೆ ಸ್ಕ್ರೂಟಿನಿ ಬಂದರೆ ಆ ವರ್ಷದ ಫೈಲನ್ನು ತೆರೆದು ಹುಡುಕಬೇಕು.

ರಿಪೇರಿ ಟೂಲ್ ಬಗ್ಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಸ್ಕ್ಯಾನ್‌ಪಿಎಸ್‌ಟಿ ಅಂತ ಆಫೀಸ್ ಜೊತೆಗೇ ಬರುತ್ತದೆ. ಅದು ಕೆಟ್ಟ ಫೈಲನ್ನು ಸರಿ ಮಾಡೋಕೆ ಇರುವುದು, ದೊಡ್ಡ ಫೈಲನ್ನು ಚುರುಕು ಮಾಡೋಕಲ್ಲ. ಓದಲಾಗದ ಭಾಗವನ್ನು ಅದು ಕೆಲವೊಮ್ಮೆ ಕಿತ್ತು ಹಾಕುತ್ತದೆ. ಫೈಲ್ ತೆರೆಯುವಾಗ ದೋಷ ಇದೆ ಅಂತ ಔಟ್‌ಲುಕ್ಕೇ ಹೇಳಿದರೆ ಮಾತ್ರ, ಅದೂ ಪ್ರತಿ ತೆಗೆದಿಟ್ಟು, ಓಡಿಸಿ.

ಎರಡೆರಡು ಬಂದ ಮೇಲ್‌ಗಳ ಒಗಟು ಸುಲಭದ್ದು. ಯಾವ ಮೇಲ್ ಈಗಾಗಲೇ ಇಳಿದಿದೆ ಅನ್ನೋ ಲೆಕ್ಕ ಹಳೆ ಔಟ್‌ಲುಕ್ ಹತ್ತಿರ ಇತ್ತು. ಹೊಸದರಲ್ಲಿ ಖಾತೆ ಹೊಸದಾಗಿ ಮಾಡಿದಾಗ ಸರ್ವರ್‌ನಲ್ಲಿ ಉಳಿದಿದ್ದ ಎರಡು ವಾರದ ಮೇಲನ್ನು ಅದು ಮತ್ತೆ ಇಳಿಸಿಕೊಂಡಿತು. ಮುಂದೆ ಆಗುವುದಿಲ್ಲ. ಬಿಡುವಾದಾಗ ಅಳಿಸಿ. ಹಳೆ ಕಂಪ್ಯೂಟರ್‌ನಲ್ಲಿ ಮಾತ್ರ ಔಟ್‌ಲುಕ್ ಇನ್ನು ತೆರೆಯಬೇಡಿ. ತೆರೆದರೆ ಹೊಸ ಮೇಲ್ ಕೆಲವು ಅಲ್ಲಿ, ಕೆಲವು ಇಲ್ಲಿ ಅಂತ ಹಂಚಿಹೋಗಬಹುದು.

ಜಿಮೇಲ್‌ದು ಇನ್ನೊಂದು ಬಗೆ. ಜಿಮೇಲ್‌ನ ಲೇಬಲ್‌ಗಳು ಔಟ್‌ಲುಕ್‌ಗೆ ಫೋಲ್ಡರ್‌ಗಳಾಗಿ ಕಾಣುತ್ತವೆ. ಒಂದೇ ಮೇಲ್ ಇನ್‌ಬಾಕ್ಸ್‌ನಲ್ಲೊಮ್ಮೆ, ಲೇಬಲ್‌ನಲ್ಲೊಮ್ಮೆ, 'ಆಲ್ ಮೇಲ್'ನಲ್ಲಿ ಮತ್ತೊಮ್ಮೆ ಇಳಿಯುತ್ತದೆ. ಬ್ರೌಸರ್‌ನಲ್ಲಿ ಜಿಮೇಲ್ ಸೆಟ್ಟಿಂಗ್ಸ್ ತೆರೆದು, ಲೇಬಲ್ಸ್ ಪುಟದಲ್ಲಿ 'ಆಲ್ ಮೇಲ್' ಎದುರಿನ 'ಶೋ ಇನ್ ಐಮ್ಯಾಪ್' ಟಿಕ್ ತೆಗೆಯಿರಿ. ಮೇಲ್ ಎಲ್ಲೂ ಹೋಗುವುದಿಲ್ಲ, ಔಟ್‌ಲುಕ್‌ಗೆ ಕಾಣುವುದಿಲ್ಲ ಅಷ್ಟೇ.

ಔಟ್‌ಲುಕ್ಕೇ ಬಿಟ್ಟುಬಿಟ್ಟರೆ? ಮೇಲೆ ಬಲಗಡೆ 'ಹೊಸ ಔಟ್‌ಲುಕ್' ಪ್ರಯತ್ನಿಸಿ ಅಂತ ಒಂದು ಸ್ವಿಚ್ ಕರೆಯುತ್ತಿರುತ್ತದೆ. ಅದು ಹಗುರ ಅನ್ನಿಸುತ್ತದೆ, ಆದರೆ ಅದು ಬೇರೆಯೇ ಪ್ರೋಗ್ರಾಂ. ನಿಮ್ಮ ಪಿಎಸ್‌ಟಿಯನ್ನು ಈಗಿನ ಔಟ್‌ಲುಕ್‌ನಷ್ಟು ಪೂರ್ತಿಯಾಗಿ ಅದು ನಿಭಾಯಿಸುವುದಿಲ್ಲ. ಜೊತೆಗೆ ಜಿಮೇಲ್‌ನಂಥ ಹೊರಗಿನ ಖಾತೆಗಳ ಮೇಲ್ ಅದರಲ್ಲಿ ಮೈಕ್ರೋಸಾಫ್ಟ್‌ನ ಕ್ಲೌಡ್‌ಗೂ ಸಿಂಕ್ ಆಗುತ್ತದೆ. ಬೇರೆಯವರ ಪ್ಯಾನ್, ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಟುಕೊಂಡಿರುವ ನೀವು ಅದು ಸರಿಯೇ ಅಂತ ಯೋಚಿಸಿಯೇ ಒಪ್ಪಬೇಕು. ಥಂಡರ್‌ಬರ್ಡ್ ಉಚಿತ, ನನಗೆ ಇಷ್ಟ, ನಾನೇ ಬಳಸುತ್ತೇನೆ. ಆದರೆ ಅಲ್ಲೂ ಫೋಲ್ಡರ್ ದೊಡ್ಡದಾದರೆ ಕಾಂಪ್ಯಾಕ್ಟ್ ಮಾಡಬೇಕು, ಅಲ್ಲೂ ಇಂಡೆಕ್ಸ್ ಆಗಬೇಕು. ರಿಟರ್ನ್ ಹಾಕುವ ವಾರದಲ್ಲಿ ಸಾಫ್ಟ್‌ವೇರ್ ಬದಲಿಸುವುದು ಹೊಳೆ ದಾಟುವಾಗ ಕುದುರೆ ಬದಲಿಸಿದ ಹಾಗೆ. ಬಿಡುವಿನ ತಿಂಗಳಲ್ಲಿ ನೋಡೋಣ.

20ನೇ ತಾರೀಖಿನ ಒಳಗೆ ನೀವು ಮಾಡಬೇಕಾದ್ದು ಮೂರೇ: ಪ್ರತಿ ತೆಗೆಯುವುದು, ಪಿಎಸ್‌ಟಿಯನ್ನು ಒನ್‌ಡ್ರೈವ್‌ನಿಂದ ಹೊರಗೆ ತರುವುದು, ಒಂದು ಆಂಟಿವೈರಸ್ ತೆಗೆಯುವುದು. ಒಂದು ಮಾಡಿ, ಅರ್ಧ ದಿನ ಬಳಸಿ ನೋಡಿ, ಆಮೇಲೆ ಇನ್ನೊಂದು. ಎಲ್ಲ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗಲ್ಲ. ವರ್ಷದ ಪ್ರಕಾರ ಒಡೆಯುವುದನ್ನು ರಿಟರ್ನ್ ಮುಗಿಸಿ, ನಿಧಾನಕ್ಕೆ.

ಹಳೆ ಕಂಪ್ಯೂಟರನ್ನು ಈ ವಾರ ಎಕ್ಸ್‌ಚೇಂಜ್‌ಗೆ ಕೊಡಬೇಡಿ. ಒಂದೆರಡು ಸಾವಿರ ಕಮ್ಮಿ ಸಿಕ್ಕರೂ ಪರವಾಗಿಲ್ಲ, ಇನ್ನೆರಡು ತಿಂಗಳು ಇಟ್ಟುಕೊಳ್ಳಿ. ಇಂಟರ್‌ನೆಟ್ ವೈರ್ ಕಿತ್ತು, ವೈಫೈ ಇದ್ದರೆ ಆಫ್ ಮಾಡಿ, ಮೂಲೆಯಲ್ಲಿಡಿ. ಅದರೊಳಗಿರುವ ಪಿಎಸ್‌ಟಿ ಯಾರೂ ಮುಟ್ಟದ ಮೂಲ ಪ್ರತಿ. ಕೊನೆಗೆ ಕೊಡುವ ದಿನ ಬಂದಾಗ ಹಾರ್ಡ್‌ಡಿಸ್ಕ್ ಬಿಚ್ಚಿಸಿ ನೀವೇ ಇಟ್ಟುಕೊಳ್ಳಿ. ಅದರಲ್ಲಿರೋದು ನಿಮ್ಮ ಮೇಲ್ ಮಾತ್ರ ಅಲ್ಲ, ಇಪ್ಪತ್ತು ವರ್ಷದ ಕಕ್ಷಿದಾರರ ಲೆಕ್ಕಪತ್ರ.